ಎಲ್‌ಇಡಿ ಲೈಟಿಗೂ ರಿಲೇ ಬೇಕೇ ಬೇಕು

"ಎಲ್‌ಇಡಿ ತಾನೇ, ಕರೆಂಟೇ ಎಳೆಯಲ್ಲ, ರಿಲೇ ಎಲ್ಲಾ ದಂಡ." ಬೈಕಿಗೆ ಎಕ್ಸ್‌ಟ್ರಾ ಲೈಟ್ ಹಾಕ್ಸೋಕೆ ಹೋದ್ರೆ ಯಾರಾದ್ರೂ ಒಬ್ರು ಹಿಂಗೆ ಹೇಳೇ ಹೇಳ್ತಾರೆ. ರಿಲೇ ಅಂದ್ರೆ ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ಆನ್-ಆಫ್ ಮಾಡೋ ಪುಟ್ಟ ಸ್ವಿಚ್ಚು. ಲೆಕ್ಕ ಹಾಕ್ದೆ ಆಡೋ ಮಾತಿದು. 40 ವ್ಯಾಟಿನ ಎರಡು ಲೈಟು ಅಂದ್ರೆ 80 ವ್ಯಾಟು, 12 ವೋಲ್ಟಿಂದ ಭಾಗಿಸಿ, 6.7 ಆಂಪಿಯರ್ ಬಂತು. ಬೈಕಿನ 55 ವ್ಯಾಟ್ ಹ್ಯಾಲೋಜನ್ ಹೆಡ್‌ಲೈಟ್ ಎಳೆಯೋದೇ 4.6.

ಇದನ್ನ ಹೆಡ್‌ಲೈಟ್ ವೈರಿಗೇ ಸೇರ್ಸಿ ಟೇಪ್ ಸುತ್ತಿಬಿಟ್ರೆ ಹ್ಯಾಂಡಲ್ ಸ್ವಿಚ್ಚಲ್ಲಿ ಹರಿಯೋ ಕರೆಂಟು 11.3 ಆಗುತ್ತೆ, ಮೊದಲಿನ ಎರಡೂವರೆ ಪಟ್ಟು. ಬಿಸಿ ಮಾತ್ರ ಎರಡೂವರೆ ಪಟ್ಟಿಗೆ ನಿಲ್ಲಲ್ಲ, ಅದು ಕರೆಂಟಿನ ವರ್ಗದ ಲೆಕ್ಕದಲ್ಲಿ ಏರೋದು, ಅಂದ್ರೆ ಆರು ಪಟ್ಟು! ವಿಜ್ಞಾನಿ ಜೇಮ್ಸ್ ಜೂಲ್ ಇದನ್ನ 1840ರ ದಶಕದ ಶುರುವಲ್ಲೇ ಅಳೆದು ತೋರ್ಸಿದ್ರು. ಸ್ವಿಚ್ ಬಿಚ್ಚಿ ನೋಡಿ, ಕರೆಂಟು ದಾಟೋ ಜಾಗ ಅಂದ್ರೆ ಕೆಲವೇ ಮಿಲಿಮೀಟರಿನ ಲೋಹದ ಚುಕ್ಕೆ. ಮಳೆ ನೀರು ಇಳಿದು ಅದು ಕಪ್ಪಗಾಗಿ 0.1 ಓಮ್ ರೆಸಿಸ್ಟೆನ್ಸ್ ಬಂದಿದ್ರೂ ಸಾಕು, ಅಲ್ಲಿ ಸುಮಾರು 13 ವ್ಯಾಟ್ ಬಿಸಿ ಹುಟ್ಟುತ್ತೆ. ರೇಡಿಯೋ ರಿಪೇರಿ ಮಾಡೋ ಸಾಲ್ಡರಿಂಗ್ ಐರನ್ನೇ 25 ವ್ಯಾಟು, ಅದರ ಅರ್ಧದಷ್ಟು ಬಿಸಿನ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟಂಗಾಯ್ತು.

ರಿಲೇ ಇದನ್ನ ತಪ್ಸೋ ರೀತಿ ನಂಗೆ ಬಲು ಇಷ್ಟ. ಅದರ ಕೆಳಗೆ 85, 86, 30, 87 ಅಂತ ನಂಬರಿರೋ ಕಾಲುಗಳಿರ್ತವೆ. 85, 86ರ ಮಧ್ಯೆ ಕಬ್ಬಿಣದ ಮೇಲೆ ಸುತ್ತಿದ ಸಣ್ಣ ತಂತಿ, ಅದು ಎಳೆಯೋದು ಬರೀ 0.15 ಆಂಪಿಯರ್ ಆಸುಪಾಸು, ಸ್ವಿಚ್ಚಿಗೆ ಬೀಳೋ ಹೊರೆ ಇಷ್ಟೇ. ಕರೆಂಟ್ ಬಂದ ತಕ್ಷಣ ಕಬ್ಬಿಣ ಅಯಸ್ಕಾಂತ ಆಗಿ ಒಂದು ಪಟ್ಟೀನ ಟಕ್ ಅಂತ ಎಳ್ಕೊಳ್ಳುತ್ತೆ, 30 ಮತ್ತೆ 87 ಸೇರ್ಕೊಳ್ತವೆ, ಬ್ಯಾಟರಿಯಿಂದ ದಪ್ಪ ವೈರಲ್ಲಿ ನೇರ ಲೈಟಿಗೆ ಕರೆಂಟ್ ಹೋಗುತ್ತೆ. ಎರಡು ಸರ್ಕ್ಯೂಟಿನ ನಡುವೆ ಇರೋ ಸಂಬಂಧ ಕಾಂತದ ಎಳೆತ ಒಂದೇ.

1835ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ವಿಜ್ಞಾನಿ ಜೋಸೆಫ್ ಹೆನ್ರಿ ಮಾಡಿದ್ದೂ ಇದನ್ನೇ. ದೊಡ್ಡ ವಿದ್ಯುತ್ಕಾಂತಕ್ಕೆ ಭಾರ ನೇತುಹಾಕಿ, ದೂರದಿಂದ ಸಣ್ಣ ಕರೆಂಟ್ ಕಳ್ಸಿ ಅದರ ಸರ್ಕ್ಯೂಟ್ ಬಿಡ್ಸೋರು, ಭಾರ ಧಡ್ ಅಂತ ಕೆಳಗೆ! 1844ರಲ್ಲಿ ಮೋರ್ಸ್ ವಾಷಿಂಗ್ಟನ್-ಬಾಲ್ಟಿಮೋರ್ ನಡುವೆ ಟೆಲಿಗ್ರಾಫ್ ಕಳ್ಸಿದಾಗ್ಲೂ ಉದ್ದ ತಂತಿಯಲ್ಲಿ ಸೋತು ಬಂದ ಕರೆಂಟಿಗೆ ಆಸರೆ ಆಗಿದ್ದು ಇದೇ ಉಪಾಯ.

ಇನ್ನು ಫ್ಯೂಸು. ಅದು ಲೈಟನ್ನ ಕಾಯೋಕೆ ಅಂತ ತುಂಬಾ ಜನ ನಂಬಿದ್ದಾರೆ, ಅದು ಕಾಯೋದು ವೈರನ್ನ. ಟ್ಯಾಂಕ್ ಕೆಳಗೆ ವೈರ್ ಉಜ್ಜಿ ಸವೆದು ಫ್ರೇಮಿಗೆ ತಾಗಿದ್ರೆ ಬ್ಯಾಟರಿಯ ಪೂರ್ತಿ ಕರೆಂಟು ಅದ್ರಲ್ಲೇ ನುಗ್ಗುತ್ತೆ. ಅದಕ್ಕೇ ಫ್ಯೂಸು ಬ್ಯಾಟರಿ ಪ್ಲಸ್ಸಿಂದ ಒಂದು ಗೇಣಿನೊಳಗೇ ಇರ್ಬೇಕು, ಈ ಲೈಟಿಗೆ 10 ಆಂಪಿಯರಿಂದು, 1.5 ಸ್ಕ್ವೇರ್ ಎಂಎಂ ವೈರು. ಸುಟ್ಟೋಯ್ತು ಅಂತ 30ರದ್ದು ಹಾಕೋದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತೋದು, ದಯವಿಟ್ಟು ಬೇಡ.

ರಿಲೇಯ 86ನೇ ಕಾಲಿಗೆ ಕರೆಂಟನ್ನ ಬ್ಯಾಟರಿಯಿಂದ ನೇರ ಕೊಡ್ಬೇಡಿ, ಕೀ ತೆಗೆದ್ರೂ ಲೈಟ್ ಉರೀತಿದ್ರೆ 8 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಒಂದು ತಾಸಲ್ಲಿ ಸೊನ್ನೆ. ಹೈ ಬೀಮ್ ವೈರಿಂದ, ಮಧ್ಯೆ ಒಂದು ಸ್ವಿಚ್ ಇಟ್ಟು ತಗೊಳ್ಳಿ. ಆಗ ಚಾರ್ಮಾಡಿ ತಿರುವಲ್ಲಿ ಎದುರಿಂದ ಬಸ್ ಬಂದು ನೀವು ಡಿಪ್ ಮಾಡಿದ್ರೆ ಈ ಲೈಟೂ ಜೊತೇಲೇ ಆರುತ್ತೆ, ಡ್ರೈವರ್ ಕಣ್ಣಿಗೆ ಹೊಡೆಯಲ್ಲ.