ಕ್ಲೋರೋಕ್ವಿನ್ ಮಾತ್ರೆಯ ಎರಡು ತೂಕಗಳು

ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ಮಾತ್ರೆಯ ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಎರಡು ಸಂಖ್ಯೆಗಳಿರುತ್ತವೆ: ಕ್ಲೋರೋಕ್ವಿನ್ ಫಾಸ್ಫೇಟ್ 250 ಮಿಲಿಗ್ರಾಂ, ಅದು 150 ಮಿಲಿಗ್ರಾಂ ಕ್ಲೋರೋಕ್ವಿನ್ ಬೇಸ್‌ಗೆ ಸಮ. ಎರಡೂ ಸರಿ. ಮೊದಲನೆಯದು ಮಾತ್ರೆಗೆ ತೂಗಿ ಹಾಕಿದ ಲವಣದ ತೂಕ. ಎರಡನೆಯದು ಆ ಲವಣದಲ್ಲಿ ರೋಗಾಣುವನ್ನು ಕೊಲ್ಲುವ ಅಂಶದ, ಅಂದರೆ ಪ್ರತ್ಯಾಮ್ಲದ (ಬೇಸ್) ತೂಕ. ಕ್ಲೋರೋಕ್ವಿನ್ ತಾನಾಗಿಯೇ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲವಾದ್ದರಿಂದ ಅದನ್ನು ಆಮ್ಲದೊಂದಿಗೆ ಸೇರಿಸಿ ಲವಣವಾಗಿಸುತ್ತಾರೆ. ಫಾಸ್ಫೇಟಿನ ಬದಲು ಸಲ್ಫೇಟ್ ಆದರೆ ಅದೇ 150 ಮಿಲಿಗ್ರಾಂ ಪ್ರತ್ಯಾಮ್ಲಕ್ಕೆ 200 ಮಿಲಿಗ್ರಾಂ ಲವಣ ಸಾಕು. ಔಷಧ ಕೈಪಿಡಿಗಳಲ್ಲಿ, ಅಂತರ್ಜಾಲದ ಮಾಹಿತಿ ಪುಟಗಳಲ್ಲಿ ತೊಡಕು ಶುರುವಾಗುವುದು ಈ ಸಂಖ್ಯೆಗಳಲ್ಲಿ ಒಂದನ್ನು ಮಾತ್ರ ಬರೆದು, ಅದು ಯಾವುದರ ತೂಕವೆಂದು ಹೇಳದೆ ಬಿಟ್ಟಾಗ.

ಇದರ ಪರಿಣಾಮ ಏನಾದೀತೆಂದು ಲೆಕ್ಕ ಹಾಕಿ ನೋಡಬಹುದು. ವೈವಾಕ್ಸ್ ಎಂಬ ಬಗೆಯ ರೋಗಾಣುವಿನಿಂದ ಬರುವ ಮಲೇರಿಯಾಕ್ಕೆ ಭಾರತದ ರಾಷ್ಟ್ರೀಯ ಮಾರ್ಗಸೂಚಿ ಹೇಳುವ ಪ್ರಮಾಣ, ದೇಹತೂಕದ ಪ್ರತಿ ಕಿಲೋಗ್ರಾಂಗೆ ಮೂರು ದಿನಗಳಲ್ಲಿ ಒಟ್ಟು 25 ಮಿಲಿಗ್ರಾಂ. ಇದು ಪ್ರತ್ಯಾಮ್ಲದ ಲೆಕ್ಕ. 60 ಕಿಲೋಗ್ರಾಂ ತೂಗುವ ವಯಸ್ಕರಿಗೆ 1500 ಮಿಲಿಗ್ರಾಂ ಬೇಕು, ಎಂದರೆ ಮೊದಲ ದಿನ ನಾಲ್ಕು, ಎರಡನೆಯ ದಿನ ನಾಲ್ಕು, ಮೂರನೆಯ ದಿನ ಎರಡು ಮಾತ್ರೆ. ಇದೇ 1500ನ್ನು ಲವಣದ ತೂಕವೆಂದು ಓದಿದವರು 250ರಿಂದ ಭಾಗಿಸಿ ಆರೇ ಮಾತ್ರೆಗಳಿಗೆ ನಿಲ್ಲಿಸುತ್ತಾರೆ. ರೋಗಿಗೆ ಸಿಗುವುದು ಬೇಕಾದುದರ ಐದರಲ್ಲಿ ಮೂರು ಪಾಲು. ತಪ್ಪು ಎದುರು ದಿಕ್ಕಿನಲ್ಲಿ ಆಗಿ, ಲವಣದ 2500 ಮಿಲಿಗ್ರಾಂ ಅನ್ನು ಪ್ರತ್ಯಾಮ್ಲವೆಂದು ಭಾವಿಸಿದರೆ ಹತ್ತರ ಜಾಗದಲ್ಲಿ ಹದಿನಾರಕ್ಕೂ ಹೆಚ್ಚು ಮಾತ್ರೆಗಳಾಗುತ್ತವೆ. ಗುಣ ಕೊಡುವ ಪ್ರಮಾಣಕ್ಕೂ ಹೃದಯದ ಬಡಿತವನ್ನು ಕೆಡಿಸುವ ಪ್ರಮಾಣಕ್ಕೂ ನಡುವಿನ ಅಂತರ ಕಿರಿದಾಗಿರುವ ಔಷಧವಿದು. ಮಕ್ಕಳ ವಿಷಯದಲ್ಲಂತೂ ಆ ಅಂತರ ಭಯ ಹುಟ್ಟಿಸುವಷ್ಟು ಕಿರಿದು.

ಅಣುತೂಕದಿಂದ ತಾಳೆ ನೋಡುವವರಿಗೆ ಇನ್ನೊಂದು ಗೊಂದಲ ಎದುರಾಗುತ್ತದೆ. ಕ್ಲೋರೋಕ್ವಿನ್‌ನ ಅಣುತೂಕ ಸುಮಾರು 319.9, ಅದರ ಫಾಸ್ಫೇಟ್ ಲವಣದ್ದು 515.9, ಭಾಗಿಸಿದರೆ ಶೇಕಡಾ 62. ಹಾಗಾದರೆ 250 ಮಿಲಿಗ್ರಾಂ ಲವಣದಲ್ಲಿ 155 ಮಿಲಿಗ್ರಾಂ ಪ್ರತ್ಯಾಮ್ಲ ಇರಬೇಕಲ್ಲ? ಇದೆ, ಕೆಲವು ಕೈಪಿಡಿಗಳಲ್ಲಿ ಹಾಗೆಂದೇ ಅಚ್ಚಾಗಿದೆ. 150 ಎಂಬುದು ಚಿಕಿತ್ಸೆಯ ಅನುಕೂಲಕ್ಕೆ ರೂಢಿಗೆ ಬಂದ ಸ್ಥೂಲ ಸಂಖ್ಯೆ. ಅದನ್ನು ತಪ್ಪೆಂದು ತಿದ್ದಲು ಹೊರಡುವ ಉತ್ಸಾಹಿ ಸಂಪಾದಕ, ಮಾರ್ಗಸೂಚಿಯ ಉಳಿದ ಲೆಕ್ಕಗಳೆಲ್ಲ 150ರ ಮೇಲೆಯೇ ನಿಂತಿವೆ ಎಂಬುದನ್ನು ಗಮನಿಸದಿದ್ದರೆ ಒಂದು ಪುಟದೊಳಗೆ ಎರಡು ಅಳತೆಗಳನ್ನು ತುಂಬಿಟ್ಟು ಹೋಗುತ್ತಾನೆ.

ಹೆಸರುಗಳ ಗೊಂದಲ ತಪ್ಪಿಸಲೆಂದೇ ರಾಸಾಯನಿಕಗಳಿಗೆ ಸಿಎಎಸ್ (ಕೆಮಿಕಲ್ ಆಬ್‌ಸ್ಟ್ರಾಕ್ಟ್ಸ್ ಸರ್ವೀಸ್) ಕೊಡುವ ನೋಂದಣಿ ಸಂಖ್ಯೆಗಳಿವೆ. ಕ್ಲೋರೋಕ್ವಿನ್‌ನದು 54-05-7. ಇದರ ಕೊನೆಯ ಅಂಕಿ ತಪ್ಪು ಹಿಡಿಯುವ ಅಂಕಿ: ಉಳಿದವನ್ನು ಬಲದಿಂದ ಎಡಕ್ಕೆ ಕ್ರಮವಾಗಿ 1, 2, 3, 4ರಿಂದ ಗುಣಿಸಿ ಕೂಡಿದರೆ 5, 0, 12, 20 ಸೇರಿ 37, ಅದರ ಬಿಡಿಸ್ಥಾನದ 7 ಕೊನೆಯ ಅಂಕಿಯೊಂದಿಗೆ ಹೊಂದುತ್ತದೆ. ಬೆರಳಚ್ಚಿನಲ್ಲಿ ಒಂದು ಅಂಕಿ ತಪ್ಪಿದರೆ ಸಾಮಾನ್ಯವಾಗಿ ಇಲ್ಲಿ ಸಿಕ್ಕಿಬೀಳುತ್ತದೆ. ಆದರೆ ಫಾಸ್ಫೇಟ್ ಲವಣದ 50-63-5 ಕೂಡ ಇದೇ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಪ್ರತ್ಯಾಮ್ಲದ ಚಿತ್ರದ ಕೆಳಗೆ ಲವಣದ ಸಂಖ್ಯೆಯನ್ನು ಅಂಟಿಸಿದರೆ ಯಂತ್ರ ಚಕಾರ ಎತ್ತುವುದಿಲ್ಲ; ರಸಾಯನಶಾಸ್ತ್ರ ಬಲ್ಲವರೊಬ್ಬರು ಕುಳಿತು ನೋಡಲೇಬೇಕು. ಸೂತ್ರವೊಂದನ್ನೇ ನಂಬುವುದೂ ಆಗದು: ಕ್ವಿನೈನ್ ಮತ್ತು ಕ್ವಿನಿಡಿನ್ ಎರಡರದೂ ಒಂದೇ ಅಣುಸೂತ್ರ, ಪರಮಾಣುಗಳ ಜೋಡಣೆಯ ದಿಕ್ಕು ಮಾತ್ರ ಬೇರೆ, ಕ್ವಿನಿಡಿನ್‌ಗೆ ಹೆಸರಿರುವುದು ಹೃದಯದ ಔಷಧವಾಗಿ.

ಇಂಥ ಗೊಂದಲ ಕ್ಲೋರೋಕ್ವಿನ್‌ಗೆ ಹುಟ್ಟಿನಿಂದಲೇ ಅಂಟಿಕೊಂಡಿದೆ. 1934ರಲ್ಲಿ ಜರ್ಮನಿಯ ಬೇಯರ್ ಪ್ರಯೋಗಾಲಯದಲ್ಲಿ ಹಾನ್ಸ್ ಆಂಡರ್ಸಾಗ್ ಇದನ್ನು ತಯಾರಿಸಿದಾಗ ಇದರ ಹೆಸರು ರೆಸೋಕಿನ್. ಮನುಷ್ಯರಿಗೆ ವಿಷಕಾರಿ ಎಂದು ತೀರ್ಮಾನಿಸಿ ಬದಿಗಿಟ್ಟರು.  ಆಮೇಲೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಟ್ಯುನಿಸ್‌ನಿಂದ ಸೋಂಟೋಕಿನ್ ಎಂಬ ಸೋದರ ಔಷಧ ಮಿತ್ರಪಕ್ಷದವರ ಕೈಗೆ ಸಿಕ್ಕಿ, ಆ ಜಾಡಿನಲ್ಲಿ ಹುಡುಕುತ್ತಾ ಹೋದಾಗ ಇದು ಅಮೆರಿಕದ ಮಲೇರಿಯಾ ಸಂಶೋಧನಾ ಯೋಜನೆಯ ಕಡತದಲ್ಲಿ ಎಸ್‌ಎನ್-7618 ಎಂಬ ಸಂಖ್ಯೆಯಡಿ ದಾಖಲಾಯಿತು. ಜರ್ಮನಿಯಲ್ಲಿ ಒಂದು ಹೆಸರು, ಅಮೆರಿಕದಲ್ಲಿ ಒಂದು ಸಂಖ್ಯೆ, ಅಣು ಮಾತ್ರ ಒಂದೇ! ಕ್ಲೋರೋಕ್ವಿನ್ ಎಂಬ ಹೆಸರಿನಲ್ಲಿ ಇದರ ಗುಣ ಜಗತ್ತಿಗೆ ಪ್ರಕಟವಾಗುವ ಹೊತ್ತಿಗೆ 1946 ಬಂದಿತ್ತು.

ಸಂಖ್ಯೆ, ಸೂತ್ರ, ತೂಕ ಎಲ್ಲವೂ ಸರಿಯಿದ್ದರೂ ಪುಟ ಹಳತಾಗಿರಬಹುದು. ಮಲೇರಿಯಾ ಯಾವುದೇ ಇರಲಿ ಕ್ಲೋರೋಕ್ವಿನ್ ಕೊಡಿ ಎಂಬುದು ಒಂದು ಕಾಲದಲ್ಲಿ ನಿರ್ವಿವಾದದ ಮಾತಾಗಿತ್ತು. 1973ರಲ್ಲಿ ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್‌ನಲ್ಲಿ ಫಾಲ್ಸಿಪಾರಂ ಎಂಬ ಇನ್ನೊಂದು ಬಗೆಯ ಮಲೇರಿಯಾ ರೋಗಾಣು ಇದಕ್ಕೆ ಬಗ್ಗದಿರುವುದು ಭಾರತದಲ್ಲಿ ಮೊದಲ ಬಾರಿಗೆ ಪತ್ತೆಯಾಯಿತು. 2010ರ ರಾಷ್ಟ್ರೀಯ ಔಷಧ ನೀತಿ, ದೃಢಪಟ್ಟ ಎಲ್ಲ ಫಾಲ್ಸಿಪಾರಂ ಪ್ರಕರಣಗಳಿಗೂ ಆರ್ಟಿಮಿಸಿನಿನ್ ಎಂಬ ಬೇರೆ ಔಷಧವನ್ನು ಆಧರಿಸಿದ ಸಂಯುಕ್ತ ಚಿಕಿತ್ಸೆಯನ್ನು ವಿಧಿಸಿತು. ವೈವಾಕ್ಸ್‌ಗೆ ಮಾತ್ರ ಕ್ಲೋರೋಕ್ವಿನ್ ಉಳಿದುಕೊಂಡಿತು, ಹಾಗಾಗಿ ಮಂಗಳೂರಿನಂಥ ವೈವಾಕ್ಸ್ ಹೆಚ್ಚು ಕಂಡ ಊರಿನಲ್ಲಿ ಇದರ ಬಳಕೆ ನಿಲ್ಲಲಿಲ್ಲ. ಆದ್ದರಿಂದ ಕೈಪಿಡಿಯೊಂದು ‘ಮಲೇರಿಯಾಕ್ಕೆ ಕ್ಲೋರೋಕ್ವಿನ್’ ಎಂದಷ್ಟೇ ಬರೆದಿದ್ದರೆ ಆ ವಾಕ್ಯ ಅರ್ಧ ಮಾತ್ರ ಸರಿ: ಯಾವ ರೋಗಾಣುವಿಗೆ, ಯಾವ ಪ್ರದೇಶದಲ್ಲಿ, ಯಾವ ವರ್ಷದ ಮಾರ್ಗಸೂಚಿಯಂತೆ ಎಂಬ ಮೂರು ವಿವರಗಳು ಪ್ರಮಾಣದ ಪಕ್ಕದಲ್ಲೇ ಇರಬೇಕು.