ತಲೆಯ ಮೇಲೆ ಬಂಡೆ ಇರುವ ನೀರು

ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 2018ರ ಜೂನ್ 23ರಂದು 12 ಹುಡುಗರೂ ಅವರ ಫುಟ್‌ಬಾಲ್ ತರಬೇತುದಾರರೂ ಸಿಕ್ಕಿಬಿದ್ದರು. ಅವರನ್ನು ಹೊರತಂದ ದಾರಿಯಲ್ಲಿ ನೀರು ಅಷ್ಟೇನೂ ಆಳವಿರಲಿಲ್ಲ. ಸಮುದ್ರದಲ್ಲಾಗಿದ್ದರೆ ಆ ಆಳಕ್ಕೆ ಹೊಸಬರನ್ನೂ ಧೈರ್ಯವಾಗಿ ಇಳಿಸಬಹುದಿತ್ತು. ಆದರೂ ಆ ಕೆಲಸಕ್ಕೆ ಪ್ರಪಂಚದಲ್ಲೇ ಬೆರಳೆಣಿಕೆಯಷ್ಟಿದ್ದ, ನೀರು ತುಂಬಿದ ಗುಹೆಗಳೊಳಗೆ ಮುಳುಗಿ ಸಾಗಬಲ್ಲ ನುರಿತ ಗುಹಾ ಡೈವರ್‌ಗಳು ಬೇಕಾದರು. ಒಳಗೆ ಗಾಳಿಯ ಸಿಲಿಂಡರ್‌ಗಳನ್ನು ಇಟ್ಟು ಮರಳುತ್ತಿದ್ದ ಥಾಯ್ ನೌಕಾಪಡೆಯ ಮಾಜಿ ಯೋಧ ಸಮನ್ ಕುನನ್ ಜುಲೈ 6ರಂದು ಪ್ರಾಣ ಕಳೆದುಕೊಂಡರು. ನೀರೊಳಗೆ ಮಕ್ಕಳು ಗಾಬರಿಯಾಗುವುದೇ ಎಲ್ಲಕ್ಕಿಂತ ದೊಡ್ಡ ಅಪಾಯವೆಂದು ತೀರ್ಮಾನಿಸಿ, ಅರಿವಳಿಕೆ ತಜ್ಞ ರಿಚರ್ಡ್ ಹ್ಯಾರಿಸ್ ಸಿಕ್ಕಿಬಿದ್ದವರಿಗೆಲ್ಲ ಮದ್ದು ಕೊಟ್ಟು ಮಲಗಿಸಿಯೇ ಸಾಗಿಸುವ ಏರ್ಪಾಡು ಮಾಡಿದರು.

ಇದಕ್ಕೆ ತದ್ವಿರುದ್ಧವಾದ ಚಿತ್ರ ಅಮೆರಿಕದ ಫ್ಲಾರಿಡಾದಲ್ಲಿ ಕಾಣುತ್ತದೆ. ಅಲ್ಲಿನ ಸುಣ್ಣಕಲ್ಲಿನ ಬುಗ್ಗೆಗಳ ನೀರು ಕನ್ನಡಿಯಷ್ಟು ತಿಳಿ, ಗುಹೆಯ ಬಾಯಿ ವಿಶಾಲ, ಒಳಗೆ ನೋಡಿದಷ್ಟೂ ದಾರಿ ಕಾಣುತ್ತದೆ. ಅಂಥ ಗುಹೆಗಳಲ್ಲೇ ಎಷ್ಟೋ ಜನ ಸತ್ತಿದ್ದಾರೆ. ಸಮುದ್ರದಲ್ಲಿ ಇತರರಿಗೆ ಡೈವಿಂಗ್ ಕಲಿಸುತ್ತಿದ್ದ ಶಿಕ್ಷಕರೂ ಅವರಲ್ಲಿದ್ದಾರೆ. ಈಗ ಹಲವು ಗುಹೆಗಳ ಬಾಯಲ್ಲಿ, ನೀರಿನಡಿಯಲ್ಲೇ, ಕುಡುಗೋಲು ಹಿಡಿದ ಮೃತ್ಯುವಿನ ಚಿತ್ರವಿರುವ ಫಲಕ ನೆಟ್ಟಿದ್ದಾರೆ. ಪ್ರಾಣ ತೆರುವಂಥದ್ದೇನೂ ಈ ಗುಹೆಯೊಳಗಿಲ್ಲ ಎಂಬುದು ಅದರ ಒಕ್ಕಣೆ. ನನಗೆ ಅನ್ನಿಸುವಂತೆ, ಕಲಕಿದ ನೀರು ಕಂಡವನು ತಾನಾಗಿಯೇ ಹಿಂಜರಿಯುತ್ತಾನೆ. ಫಲಕದ ಅಗತ್ಯವಿರುವುದು ತಿಳಿನೀರಿಗೇ.

ನಮ್ಮ ಊರಬಾವಿಗೆ ಧುಮುಕಿದವನಿಗೆ ಉಸಿರು ಕಟ್ಟಿದರೆ ಕಾಲು ಬಡಿದರೆ ಸಾಕು, ಮೇಲೆ ಆಕಾಶವಿದೆ. ಗುಹೆಯಲ್ಲಿ ಮೇಲಿರುವುದು ಬಂಡೆ. ಹೊರಬರುವ ದಾರಿಯೆಂದರೆ ಒಳಹೋದ ದಾರಿಯೇ. ಆದ್ದರಿಂದ ಗುಹಾ ಡೈವ್ ಎಷ್ಟು ಕಠಿಣ ಎಂಬುದನ್ನು ಆಳದ ಅಂಕಿಯಿಂದ ಅಳೆಯಲಾಗದು. ಅತ್ಯಂತ ಒಳಗಿನ ಬಿಂದುವಿನಲ್ಲಿ ಅತ್ಯಂತ ಕೆಟ್ಟದ್ದೇ ಸಂಭವಿಸಿದರೆ, ಅಲ್ಲಿಂದ ಬಾಯಿಯವರೆಗೆ ಬರಲು ಎಷ್ಟು ಹೊತ್ತು ಬೇಕು, ಅಷ್ಟು ಹೊತ್ತಿಗೆ ಉಸಿರು ಇದೆಯೇ ಎಂಬುದರಿಂದ ಅಳೆಯಬೇಕು.

ಈ ಲೆಕ್ಕಕ್ಕೊಂದು ಶಿಸ್ತು ತಂದವರು ಫ್ಲಾರಿಡಾದ ಗುಹಾ ಡೈವರ್ ಶೆಕ್ ಎಕ್ಸ್ಲಿ. ನಡೆದ ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, 1970ರ ದಶಕದ ಕೊನೆಗೆ ಅವರು ಮುಂದಿಟ್ಟ ಕಾರಣಗಳು ಅಚ್ಚರಿಯಾಗುವಷ್ಟು ಸರಳವಾಗಿದ್ದವು: ದಾರಿ ತೋರಲು ಹೊರಗಿನವರೆಗೂ ತುಂಡಾಗದಂತೆ ಹಾಸಿದ ದಾರ ಇರಲಿಲ್ಲ, ಮರಳಲು ಸಾಕಷ್ಟು ಗಾಳಿ ಉಳಿಸಿಕೊಂಡಿರಲಿಲ್ಲ, ಮಿತಿಮೀರಿ ಆಳಕ್ಕೆ ಇಳಿದಿದ್ದರು. ತರಬೇತಿಯ ಕೊರತೆ, ದೀಪಗಳ ಕೊರತೆ ಎಂಬೆರಡು ಆಮೇಲೆ ಸೇರಿದವು. ಒಬ್ಬೊಬ್ಬರೂ ಕನಿಷ್ಠ ಮೂರು ದೀಪ ಒಯ್ಯಬೇಕೆಂಬುದು ಇಂದಿಗೂ ಕಟ್ಟಳೆ.

ಗಾಳಿಯ ವಿಷಯದಲ್ಲಿ ಪಾಲಿಸುವುದು ಮೂರನೇ ಒಂದರ ನಿಯಮ: ಒಂದು ಪಾಲು ಹೋಗಲು, ಒಂದು ಬರಲು, ಒಂದು ಆಪತ್ತಿಗೆ. ಕೇಳಲು ಧಾರಾಳವೆನ್ನಿಸುವ ಈ ನಿಯಮವನ್ನು ಲೆಕ್ಕ ಹಾಕಿಯೇ ನೋಡಬೇಕು. ತಲಾ 12 ಲೀಟರಿನ ಜೋಡಿ ಸಿಲಿಂಡರ್‌ನಲ್ಲಿ 210 ಬಾರ್ ಒತ್ತಡದ ಗಾಳಿಯಿದೆಯೆನ್ನಿ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನೆಲದ ಮೇಲಿನ ಗಾಳಿಯ ಒತ್ತಡ). ಮೂರನೇ ಒಂದು ಪಾಲೆಂದರೆ 70 ಬಾರ್, ಅಂದರೆ 1680 ಲೀಟರ್. ನೆಲದ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ, ಒತ್ತಡ ನಾಲ್ಕು ಪಟ್ಟಿರುವ 30 ಮೀಟರ್ ಆಳದಲ್ಲಿ 80 ಲೀಟರ್ ಬೇಕು. ಆ ಪಾಲು 21 ನಿಮಿಷಕ್ಕೆ ತೀರುತ್ತದೆ. ಸರಿಯಾಗಿ ಅಲ್ಲಿ, ತಿರುಗಿ ಹೊರಡಬೇಕಾದ ಕ್ಷಣದಲ್ಲಿ, ಜೊತೆಗಾರನ ಗಾಳಿಯೆಲ್ಲ ಸೋರಿಹೋಯಿತೆಂದುಕೊಳ್ಳಿ. ಉಳಿದ 3360 ಲೀಟರಿನಲ್ಲಿ ಇಬ್ಬರೂ ಉಸಿರಾಡುತ್ತ ಬಂದರೆ 21 ನಿಮಿಷ ನಡೆಯುತ್ತದೆ. ಒಂದು ನಿಮಿಷವೂ ಹೆಚ್ಚಿಲ್ಲ. ಗಾಬರಿಗೆ ಉಸಿರು ಒಂದೂವರೆ ಪಟ್ಟಾದರೂ 14 ನಿಮಿಷಕ್ಕೆ ಸಿಲಿಂಡರ್ ಖಾಲಿ. ದಾರಿಯಲ್ಲಿ ಮೂರನೇ ಒಂದು ಭಾಗ ಇನ್ನೂ ಬಾಕಿ. ಆದ್ದರಿಂದ ಈ ನಿಯಮವನ್ನು ಸುರಕ್ಷತೆಯ ಭರವಸೆಯೆಂದು ತಿಳಿಯುವುದು ತಪ್ಪು. ಅದು ಎಲ್ಲವೂ ಅನುಕೂಲವಾಗಿರುವ ಗುಹೆಗೆ ಹೇಳಿದ ಕನಿಷ್ಠ ಮಿತಿ ಮಾತ್ರ.

ಗುಹೆ ಅನುಕೂಲವಾಗಿರುವುದು ಅಪರೂಪ. ನೀರು ಹೊರಕ್ಕೆ ಉಕ್ಕುವ ಬುಗ್ಗೆಯಲ್ಲಿ ಮರಳುವವನನ್ನು ಸೆಳೆತವೇ ತಳ್ಳಿಕೊಂಡು ಬರುತ್ತದೆ. ನೀರನ್ನು ಒಳಕ್ಕೆ ಹೀರುವ ಗುಹೆಯಲ್ಲಿ ಹೋಗುವಾಗಿನ ಸುಖವೆಲ್ಲ ಬರುವಾಗ ಸಾಲವಾಗುತ್ತದೆ, ಅಲ್ಲಿ ಮೂರನೇ ಒಂದರಷ್ಟು ಗಾಳಿ ಬಳಸುವುದೂ ದುಡುಕೇ. ಇನ್ನು ಹೂಳು. ನೆಲದ ಮೇಲೆ ಹಿಟ್ಟಿನಂತೆ ಕೂತ ಮಣ್ಣಿಗೆ, ಈಜಲು ಕಾಲಿಗೆ ತೊಟ್ಟ ರೆಕ್ಕೆ ಒಮ್ಮೆ ತಾಗಿದರೆ ಸಾಕು, ಕೆಲವೇ ಕ್ಷಣಗಳಲ್ಲಿ ಕಣ್ಣೆದುರಿಗೆ ಹಿಡಿದ ಒತ್ತಡದ ಮಾಪಕ ಕೂಡ ಕಾಣದು. ಬಿಟ್ಟ ಉಸಿರಿನ ಗುಳ್ಳೆಗಳೂ ಚಾವಣಿಯಿಂದ ಪುಡಿ ಉದುರಿಸುತ್ತವೆ. ಆಗ ಡೈವರ್ ಹೆಬ್ಬೆರಳು, ತೋರುಬೆರಳುಗಳಿಂದ ದಾರದ ಸುತ್ತ ಒಂದು ಬಳೆ ಮಾಡಿಕೊಳ್ಳುತ್ತಾನೆ. ದಾರವನ್ನು ಎಳೆಯಬಾರದು, ಬಿಡಲೂಬಾರದು. ಹಿಂದಿನವನು ಮುಂದಿನವನ ತೋಳು ಹಿಡಿದಿರುತ್ತಾನೆ; ದಾರಕ್ಕೆ ಸಿಕ್ಕಿಸಿದ, ಹೊರದಾರಿ ತೋರುವ ಪ್ಲಾಸ್ಟಿಕ್ ಬಾಣದ ತುದಿ ಯಾವ ಕಡೆಗಿದೆ ಎಂದು ಬೆರಳಿನಿಂದಲೇ ತಡವಿ ದಿಕ್ಕು ತಿಳಿಯಬೇಕು. ಹೀಗೆ ಬರುವಾಗ 21 ನಿಮಿಷದ ದಾರಿ ಎಷ್ಟಾದೀತೆಂಬುದೇ ಆ ಗುಹೆಯ ನಿಜವಾದ ಕಠಿಣತೆ.

ಹಾಗೆಂದು ಆಳ ಲೆಕ್ಕಕ್ಕಿಲ್ಲವೆಂದಲ್ಲ. ಸುಮಾರು 30 ಮೀಟರ್‌ನಿಂದಾಚೆ ನೈಟ್ರೋಜನ್ ಮದ್ಯದಂತೆ ಮಂಕು ಕವಿಸುತ್ತದೆ. ಅದಕ್ಕಾಗಿ ಉಸಿರಾಡುವ ಗಾಳಿಗೆ ಹೀಲಿಯಂ ಬೆರೆಸಿದರೂ, ತೀರಾ ಆಳದಲ್ಲಿ ಗಾಳಿ ದಟ್ಟವಾಗಿ ಉಸಿರಾಟವೇ ದುಡಿಮೆಯಾಗುತ್ತದೆ, ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಕೂಡುತ್ತದೆ. ದಕ್ಷಿಣ ಆಫ್ರಿಕಾದ ಬುಷ್‌ಮನ್ಸ್ ಹೋಲ್ ಎಂಬ ನೀರುಗುಂಡಿಯಲ್ಲಿ ಆಸ್ಟ್ರೇಲಿಯಾದ ಡೈವರ್ ಡೇವ್ ಶಾ ಸತ್ತದ್ದು ಹೀಗೆ. ಸುಮಾರು 270 ಮೀಟರ್ ಆಳದಲ್ಲಿ, ಹತ್ತು ವರ್ಷಗಳಿಂದ ಬಿದ್ದಿದ್ದ ಯುವಕನೊಬ್ಬನ ಶವವನ್ನು ತರಲು ಅವರು 2005ರ ಜನವರಿ 8ರಂದು ಇಳಿದಿದ್ದರು. ಕೆಸರಿನಲ್ಲಿ ಹೂತಿರಬೇಕೆಂದುಕೊಂಡಿದ್ದ ಶವ ಸಡಿಲಗೊಂಡು ತೇಲತೊಡಗಿತು, ದೀಪದ ತಂತಿ ದಾರಕ್ಕೆ ತೊಡಕಿತು, ಬಿಡಿಸಿಕೊಳ್ಳುವ ಶ್ರಮಕ್ಕೆ ಉಸಿರು ಏರಿತು. ನೆಲದ ಮೇಲಾಗಿದ್ದರೆ ಒಂದು ನಿಟ್ಟುಸಿರಿಗೆ ಮುಗಿಯುವ ತೊಡಕು ಅದು. ಎಕ್ಸ್ಲಿ ಕೂಡ 1994ರಲ್ಲಿ ಮೆಕ್ಸಿಕೋದ ಸಕಟೋನ್ ಎಂಬ ನೀರುಗುಂಡಿಯಲ್ಲಿ 300 ಮೀಟರ್ ದಾಟುವ ಯತ್ನದಲ್ಲಿ ತೀರಿಕೊಂಡರು.

ಕಾಗದದ ಮೇಲೆ ಸೇರದ ಅಂಶವೊಂದು ಉಳಿಯುತ್ತದೆ: ಅಂದಿನ ದಿನ ಅಂದಿನ ಮನುಷ್ಯ ಹೇಗಿದ್ದಾನೆ ಎಂಬುದು. ಅದನ್ನು ಬೇರೆಯವರು ಅಳೆಯಲಾರರೆಂದೇ ಗುಹಾ ಡೈವರ್‌ಗಳು ಒಂದು ಸಂಜ್ಞೆ ಇಟ್ಟುಕೊಂಡಿದ್ದಾರೆ. ತಂಡದಲ್ಲಿ ಯಾರೇ ಆಗಲಿ, ಯಾವ ಕಾರಣಕ್ಕೇ ಆಗಲಿ, ಹೆಬ್ಬೆರಳನ್ನು ಮೇಲೆತ್ತಿ ತೋರಿಸಿದರೆ ಡೈವ್ ಅಲ್ಲಿಗೆ ಮುಗಿಯಿತು. ಉಳಿದವರು ತಾವೂ ಹೆಬ್ಬೆರಳೆತ್ತಿ ಉತ್ತರ ಕೊಟ್ಟು ತಿರುಗುತ್ತಾರೆ. ಏಕೆಂದು ಕೇಳುವುದಿದ್ದರೆ ದಡಕ್ಕೆ ಬಂದ ಮೇಲೆ.