ಮರಳಿನಡಿ ಹುಡುಕುವವರು ಇಬ್ಬರು

1715ರ ಜುಲೈ 31ರಂದು ಅಮೆರಿಕದ ಫ್ಲೋರಿಡಾ ಕರಾವಳಿಯಲ್ಲಿ ಚಂಡಮಾರುತಕ್ಕೆ ಸಿಕ್ಕಿ ಸ್ಪೇನಿನ 11 ಹಡಗುಗಳು ಒಡೆದುಹೋದವು. ಒಳಗಿದ್ದದ್ದು ಬೆಳ್ಳಿ ನಾಣ್ಯ, ಚಿನ್ನ. 1950ರ ದಶಕದಲ್ಲಿ ಕಿಪ್ ವ್ಯಾಗ್ನರ್ ಎಂಬ ಕಟ್ಟಡ ಗುತ್ತಿಗೆದಾರ, ಸೇನೆ ಬಳಸಿಬಿಟ್ಟ ನೆಲಬಾಂಬ್ ಶೋಧಕ ಹಿಡಿದು ಸೆಬಾಸ್ಟಿಯನ್ ಊರಿನ ದಂಡೆಯಲ್ಲಿ ಆ ನಾಣ್ಯಗಳನ್ನು ಹುಡುಕಿದ. ಇವತ್ತಿಗೂ ಬಿರುಗಾಳಿ ಬಂದುಹೋದ ಮೇಲೆ ಅಲ್ಲಿ ಜನ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುತ್ತಾರೆ. ಕೆಲವರು ಸೊಂಟದಷ್ಟು ನೀರಿಗೇ ಇಳಿಯುತ್ತಾರೆ.

ಅವರಿಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಆ ಯಂತ್ರದ ಕರೆಂಟಿಗೆ ಶಾರ್ಕ್ ಓಡಿ ಬರಲ್ವಾ?"

ಶಾರ್ಕ್‌ಗೆ ಕರೆಂಟ್ ಗೊತ್ತಾಗುತ್ತದೆ ಅನ್ನೋದು ನಿಜ. ಆದರೆ ಅದರಾಚೆಗೆ ಈ ಮಾತಿನಲ್ಲಿ ಹುರುಳಿಲ್ಲ. ಯಾಕೆ ಅಂತ ನೋಡಿದರೆ ಭಯ ಹೋಗಿ ಬೆರಗು ಹುಟ್ಟುತ್ತದೆ.

ಶಾರ್ಕ್, ತೊರಕೆ ಮೀನುಗಳ ಮೂತಿಯ ಸುತ್ತ ಸೂಜಿಯಲ್ಲಿ ಚುಚ್ಚಿದಂಥ ರಂಧ್ರಗಳಿರುತ್ತವೆ. ಇಟಲಿಯ ಸ್ಟೆಫಾನೊ ಲೊರೆಂಜಿನಿ 1678ರಲ್ಲೇ ಇವುಗಳ ಬಗ್ಗೆ ಬರೆದಿದ್ದ. ಇವು ಯಾಕಿವೆ ಅಂತ ತಿಳಿಯಲು ಮಾತ್ರ ಸುಮಾರು 300 ವರ್ಷ ಬೇಕಾಯಿತು. ಒಂದೊಂದು ರಂಧ್ರದಿಂದಲೂ ಲೋಳೆ ತುಂಬಿದ ಒಂದು ಕೊಳವೆ ಒಳಗೆ ಹೋಗುತ್ತದೆ. ಕೊಳವೆಯ ತಳದಲ್ಲಿ ನರಕ್ಕೆ ಸುದ್ದಿ ಮುಟ್ಟಿಸುವ ಜೀವಕೋಶಗಳಿವೆ. ಲೋಳೆ ಇಲ್ಲಿ ವೈರಿನ ಕೆಲಸ ಮಾಡುತ್ತದೆ. ಹೊರಗಿನ ನೀರಿಗೂ ಒಳಗಿನ ತಳಕ್ಕೂ ವೋಲ್ಟೇಜಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಸಾಕು, ಶಾರ್ಕ್‌ಗೆ ತಿಳಿಯುತ್ತದೆ. ಎಷ್ಟು ಸಣ್ಣ ವ್ಯತ್ಯಾಸ? ಟಾರ್ಚಿಗೆ ಹಾಕುವ 1.5 ವೋಲ್ಟ್ ಸೆಲ್ಲಿನ ಒಂದು ತುದಿಯ ವೈರನ್ನು ಕಾಶ್ಮೀರದಲ್ಲೂ ಇನ್ನೊಂದನ್ನು ಕನ್ಯಾಕುಮಾರಿಯಲ್ಲೂ ಇಟ್ಟರೆ, ನಡುವೆ ಒಂದೊಂದು ಸೆಂಟಿಮೀಟರಿಗೂ ಎಷ್ಟು ವೋಲ್ಟೇಜ್ ಪಾಲಿಗೆ ಬರುತ್ತದೋ ಅಷ್ಟು!

1971ರಲ್ಲಿ ಪ್ರಕಟವಾದ, ಡಚ್ ವಿಜ್ಞಾನಿ ಏಡ್ರಿಯಾನಸ್ ಕಾಲ್ಮೈನ್ ಅವರ ಪ್ರಯೋಗ ನನಗೆ ಬಹಳ ಇಷ್ಟ. ಒಂದು ಚಪ್ಪಟೆ ಮೀನನ್ನು ಅಗರ್ (ಕಡಲಪಾಚಿಯಿಂದ ತೆಗೆದ ಜೆಲ್ಲಿ) ಪೆಟ್ಟಿಗೆಯಲ್ಲಿಟ್ಟು ಮರಳಿನಡಿ ಹೂತರು. ಮೀನಿನ ಮೈಯಿಂದ ಹೊರಡುವ ಸಣ್ಣ ಕರೆಂಟನ್ನು ಅಗರ್ ಹಾದುಹೋಗಲು ಬಿಡುತ್ತದೆ, ವಾಸನೆಯನ್ನು ತಡೆಯುತ್ತದೆ. ಶಾರ್ಕ್ ಸೀದಾ ಅಲ್ಲಿಗೇ ಬಂದು ಕೆದಕಿತು. ಪೆಟ್ಟಿಗೆಯ ಮೇಲೆ ಕರೆಂಟನ್ನು ತಡೆಯುವ ತೆಳು ಪ್ಲಾಸ್ಟಿಕ್ ಹೊದಿಸಿದಾಗ, ಮೀನು ಅಲ್ಲೇ ಇದ್ದರೂ ಶಾರ್ಕ್ ಮುಂದೆ ಹೋಯಿತು. ಕೊನೆಗೆ ಮೀನೇ ಇಲ್ಲದೆ, ಸುಮ್ನೆ ಎರಡು ಎಲೆಕ್ಟ್ರೋಡ್ (ಕರೆಂಟ್ ಹರಿಸುವ ತುದಿಗಳು) ಹೂತು ಮೀನಿನಷ್ಟೇ ಕರೆಂಟ್ ಕೊಟ್ಟರು. ಶಾರ್ಕ್ ಅವನ್ನೇ ಕೆದಕಲು ಶುರು ಮಾಡಿತು!

ಅಂದರೆ ಮರಳಿನಡಿ ಹುದುಗಿದ್ದನ್ನು ವಿದ್ಯುತ್ತಿನಿಂದ ಹುಡುಕುವವರು ಆ ನೀರಿನಲ್ಲಿ ಇಬ್ಬರಿದ್ದಾರೆ. ಆದರೆ ಇಬ್ಬರ ಭಾಷೆ ಬೇರೆ. ಮೀನಿನ ಉಸಿರಾಟದಿಂದ ಹುಟ್ಟುವ ಕರೆಂಟ್ ನಿಧಾನವಾಗಿ ಏರಿಳಿಯುತ್ತದೆ, ಸೆಕೆಂಡಿಗೆ ಕೆಲವೇ ಸಲ. ಶಾರ್ಕ್‌ಗೆ ತಿಳಿಯುವುದು ಅಷ್ಟು ನಿಧಾನದ್ದೇ. ಡಿಟೆಕ್ಟರಿನ ಕಾಯಿಲ್ (ತಂತಿಯ ಸುರುಳಿ) ಮಿಡಿಯುವುದು ಸೆಕೆಂಡಿಗೆ ನೂರಾರು, ಸಾವಿರಾರು ಸಲ. ತೂಗುಯ್ಯಾಲೆಯನ್ನು ಹದವರಿತು ತಳ್ಳಿದರೆ ಜೀಕುತ್ತದೆ. ಬೆರಳಿನಿಂದ ಟಕಟಕ ಬಡಿಯುತ್ತಿದ್ದರೆ ಅಲುಗುವುದೇ ಇಲ್ಲ, ಅಲ್ವಾ? ಹಳೇ ರೇಡಿಯೋದ ಮೀಡಿಯಂ ವೇವ್‌ನಲ್ಲಿ ಎಫ್‌ಎಂ ಸಿಗದ ಹಾಗೆ ಅಂತಲೂ ಹೇಳಬಹುದು. ಇನ್ನೊಂದು ವಿಷಯ, ಶಾರ್ಕ್‌ನ ಈ ಇಂದ್ರಿಯಕ್ಕೆ ಬೇಟೆ ತಿಳಿಯುವುದು ಹೆಚ್ಚೆಂದರೆ ಒಂದು ಮೀಟರ್ ಆಸುಪಾಸಿನಲ್ಲಿ. ದೂರದಿಂದ ಕರೆಸಿಕೊಳ್ಳುವ ಮಾತೇ ಇಲ್ಲ. ಉಪ್ಪು ನೀರಿನಲ್ಲಿ ಎರಡು ಬೇರೆ ಬೇರೆ ಲೋಹ ತಾಗಿಕೊಂಡಿದ್ದರೆ ಸೆಲ್ಲಿನ ಹಾಗೆ ಸಣ್ಣ, ಸ್ಥಿರ ಕರೆಂಟ್ ಹರಿಯುತ್ತದೆ. ಹಾಗಾಗಿ ಹತ್ತಿರ ಬಂದ ಶಾರ್ಕ್‌ಗೆ ಏನಾದರೂ ಗೊತ್ತಾದರೆ, ಅದು ಡಿಟೆಕ್ಟರಿಗಿಂತ, ಎರಡು ಲೋಹ ಸೇರಿಸಿ ಮಾಡಿದ ಸಲಿಕೆ ಕೈಯಲ್ಲಿದ್ದರೆ ಅದರಿಂದ ಇರಬಹುದು.

ಡಿಟೆಕ್ಟರಿನ ಕಥೆಯೂ ಸ್ವಾರಸ್ಯದ್ದೇ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡು ತಗುಲಿತ್ತು. ಮೈಯೊಳಗಿನ ಗುಂಡು ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ ಒಂದು ಯಂತ್ರ ತಂದರು. ಹಾಸಿಗೆಯೊಳಗಿನ ಸ್ಪ್ರಿಂಗುಗಳು ಯಂತ್ರವನ್ನು ದಾರಿ ತಪ್ಪಿಸಿದವು. ಸಮುದ್ರದಲ್ಲಿ ಆ ಸ್ಪ್ರಿಂಗುಗಳ ಜಾಗದಲ್ಲಿ ಉಪ್ಪು ನೀರಿದೆ. ಅದೂ ವಿದ್ಯುತ್ ಹರಿಸುವುದರಿಂದ ಸಾದಾ ಡಿಟೆಕ್ಟರ್ ಅಲ್ಲಿ ಸುಮ್ಮಸುಮ್ಮನೆ ಕೂಗಿಕೊಳ್ಳುತ್ತದೆ. ಅದಕ್ಕೇ ನೀರಿಗೆ ಬೇರೆ ಬಗೆಯ ಯಂತ್ರ ಬೇಕು.

ಹಾಗಂತ ಶಾರ್ಕ್ ಕಚ್ಚುವುದೇ ಇಲ್ಲ ಅಂತಲ್ಲ. 2024ರಲ್ಲಿ ಕೆಣಕದೆಯೂ ಕಚ್ಚಿದ ಪ್ರಕರಣಗಳು ಇಡೀ ಪ್ರಪಂಚದಲ್ಲಿ 47. ಅದರಲ್ಲಿ 14 ಫ್ಲೋರಿಡಾದಲ್ಲೇ. ಅಲ್ಲಿ ಜಾಸ್ತಿ ಆಗುವುದು ಕಣ್ತಪ್ಪಿನ ಕಡಿತ. ಕದಡಿದ ನೀರು, ಸಣ್ಣ ಮೀನಿನ ಹಿಂಡು, ನಡುವೆ ಬಿಳಿಯ ಪಾದವೋ ಮಿನುಗುವ ಉಂಗುರವೋ ಕಂಡರೆ ಕಚ್ಚಿ ಬಿಟ್ಟುಬಿಡುತ್ತದೆ. ಹಕ್ಕಿಗಳು ನೀರಿಗೆ ಎರಗುತ್ತಿದ್ದರೆ, ಮೀನು ಚಿಮ್ಮುತ್ತಿದ್ದರೆ ದಡಕ್ಕೆ ಬಂದುಬಿಡಿ. ಹೆಜ್ಜೆ ಎತ್ತಿಡದೆ ಕಾಲೆಳೆದು ನಡೆಯಿರಿ. ಆಗ ಮರಳಿನಲ್ಲಿ ಮಲಗಿದ ತೊರಕೆ ತಾನೇ ಸರಿಯುತ್ತದೆ. ತುಳಿದರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ.

ನನಗೆ ನಿಜವಾಗಿ ಚಿಂತೆ ಸೆಳವಿನದು. ದಡಕ್ಕೆ ಬಂದ ತೆರೆಗಳ ನೀರು ಒಂದು ಕಿರಿದಾದ ಓಣಿಯಲ್ಲಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 100 ಜನ ಇದಕ್ಕೆ ಬಲಿಯಾಗುತ್ತಾರೆ ಎಂಬುದು ಅಲ್ಲಿನ ಜೀವರಕ್ಷಕರ ಸಂಘದ ಅಂದಾಜು. ನಮ್ಮ ಗೋಕರ್ಣ, ಮುರುಡೇಶ್ವರಗಳಲ್ಲೂ ಪ್ರವಾಸಿಗರು ನೀರುಪಾಲಾದ ಸುದ್ದಿ ಓದುತ್ತಲೇ ಇರುತ್ತೇವೆ. ಡಿಟೆಕ್ಟರ್ ಹಿಡಿದವನನ್ನು ಒಮ್ಮೆ ನೆನೆಸಿಕೊಳ್ಳಿ. ಕಣ್ಣು ನೀರಿನಲ್ಲಿ, ಕಿವಿಗೆ ಹೆಡ್‌ಫೋನ್, ಬೆನ್ನು ಸಮುದ್ರಕ್ಕೆ, ಕೆಲವೊಮ್ಮೆ ನೀರಿನಲ್ಲಿ ತೇಲದಿರಲು ಸೊಂಟಕ್ಕೆ ಸೀಸದ ತೂಕ. ದೊಡ್ಡ ತೆರೆಯ ಸದ್ದು, ಗುಡುಗು, ಜೀವರಕ್ಷಕನ ಸೀಟಿ ಯಾವುದೂ ಅವನಿಗೆ ಕೇಳುವುದಿಲ್ಲ. ಒಂದು ಕಿವಿಯನ್ನಾದರೂ ತೆರೆದಿಟ್ಟುಕೊಳ್ಳಿ. ಸೆಳವಿಗೆ ಸಿಕ್ಕಿದರೆ ಯಂತ್ರ, ಸಲಿಕೆ, ತೂಕ ಎಲ್ಲ ಬಿಟ್ಟು ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ, ಆಮೇಲೆ ದಡದ ಕಡೆ ತಿರುಗಿ.

ಸೆಬಾಸ್ಟಿಯನ್‌ಗೆ ದಕ್ಷಿಣದಲ್ಲಿರುವ ಫೋರ್ಟ್ ಪಿಯರ್ಸ್‌ನಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ತರಬೇತಿ ನಡೆದಿತ್ತು. ಅಂಥ ಕಡೆ ತುಕ್ಕು ಹಿಡಿದ ದೊಡ್ಡ ಲೋಹದ ತುಂಡು ಸಿಕ್ಕರೆ ಅದು ಸಿಡಿಯದೆ ಉಳಿದ ಬಾಂಬ್ ಇರಬಹುದು, ಮುಟ್ಟದೆ ಪೊಲೀಸರಿಗೆ ತಿಳಿಸಬೇಕು. ದಂಡೆಯ ಗುಂಡಿಯೂ ಸಣ್ಣ ಅಪಾಯವಲ್ಲ. ಮರಳು ಕುಸಿದ 52 ಘಟನೆಗಳಲ್ಲಿ 31 ಸಾವು ಎಂದು ವೈದ್ಯರು 2007ರಲ್ಲಿ ವರದಿ ಮಾಡಿದ್ದರು. ಆಳಕ್ಕೆ ತೋಡಬೇಡಿ. ತೋಡಿದ್ದನ್ನು ಮುಚ್ಚಿಯೇ ಬನ್ನಿ. ಅದೇ ದಂಡೆಗೆ ಬೇಸಿಗೆಯ ರಾತ್ರಿಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಗುಂಡಿಗೆ ಬಿದ್ದ ಆಮೆಗೆ ತಾನಾಗಿ ಮೇಲೆ ಬರುವುದು ಬಹಳ ಕಷ್ಟ.